ಏಳು ಸುಗ್ಗಿಯ ಸುಳ್ಳು

ಏಳು ದ್ರಾಕ್ಷಿ ಸುಗ್ಗಿ ತಪ್ಪಿಸಿದೆ.
ಒಂದು ವರ್ಷ ಮಂಡಿ ನೋವೆಂದೆ,
ಇನ್ನೊಂದು ವರ್ಷ ಬೆಕ್ಕು ಮರಿ ಹಾಕಿದೆಯೆಂದೆ.
ಬೆಕ್ಕು ಗಂಡು. ತಂಗಿ ಲಮಾರಾ ಕೇಳಲಿಲ್ಲ.
ನಿಜ ಇಷ್ಟೇ: ಟ್ಬಿಲಿಸಿಯಿಂದ ತೆಲಾವಿಗೆ ಎರಡು ಗಂಟೆ,
ವ್ಯಾನಿನವನು ನಿಲ್ಲಿಸುವುದು ಅವನ ಮನಸ್ಸು ಬಂದಲ್ಲಿ,
ಜಲಬಾಧೆ ಅದರ ಮನಸ್ಸು ಬಂದಾಗ.

ಊರೆಂದರೆ ಆಗ ನನಗೆ ಹತ್ತೋ ಹನ್ನೊಂದೋ ಬಾಗಿಲು,
ಚಿಲಕ ಸರಿಯಿರುವವು.
ಬೇಸಿಗೆಯಲ್ಲೂ ಕಪ್ಪು ಲಂಗ.
ಗುರಾಮನ ಶೋಕ ಇನ್ನೂ ಆರಿಲ್ಲ ಪಾಪ, ಎಂದರು ನೆರೆಯವರು.
ಅವನು ಹೋಗಿ ಒಂಬತ್ತು ವರ್ಷ.
ಕಪ್ಪು ಒದ್ದೆಯನ್ನು ತೋರಿಸುವುದಿಲ್ಲ, ಅಷ್ಟೆ.

ಕ್ಲಿನಿಕ್ಕಿನ ಹುಡುಗಿ ಅಳತೆ ಲೋಟವೊಂದನ್ನು,
ಗೆರೆ ಹಾಕಿದ ನೋಟುಪುಸ್ತಕವನ್ನು ಕೊಟ್ಟಳು.
ಅರವತ್ತಾರರಲ್ಲಿ ಮೊದಲ ಸಲ ದಿನಚರಿ ಬರೆದೆ:
ರಾತ್ರಿ ಎರಡೂ ಹತ್ತು. ತೊಂಬತ್ತು ಮಿಲಿ.
ಸಂಜೆ ಬೀಗದ ಕೈ ಹುಡುಕುವಾಗ ಸೋರಿತು.
ಓದಿದವಳು ನಗಲಿಲ್ಲ.

ಹಿಡಿ, ಎಣಿಸು, ಬಿಡು —
ರೊಟ್ಟಿಯ ಸಾಲಿನಲ್ಲಿ, ಚರ್ಚಿನ ಕಂಬಕ್ಕೊರಗಿ,
ಯಾರಿಗೂ ಕಾಣದ ಕಸರತ್ತು.
ಗುಳಿಗೆಗೆ ಬಾಯಿ ಒಣಗಿ ರೊಟ್ಟಿ ಅಂಗುಳಕ್ಕೆ ಅಂಟಿತು,
ಬೇರೆ ಗುಳಿಗೆ ಕೊಟ್ಟರು.
ಮೂರು ತಿಂಗಳು ಏನೂ ಆಗಲಿಲ್ಲ.
ಒಂದು ದಿನ ಕಣ್ಣು ಬಿಟ್ಟರೆ ಕಿಟಕಿಯಲ್ಲಿ ಬೆಳಕು:
ನಡುವೆ ಎದ್ದೇ ಇರಲಿಲ್ಲ.
ಇಡೀ ರಾತ್ರಿ, ಒಡೆಯದ ಮೊಟ್ಟೆಯ ಹಾಗೆ.
ಏನು ಮಾಡುವುದೆಂದು ತಿಳಿಯದೆ ಮಲಗಿಯೇ ಇದ್ದೆ.

ಈ ಅಕ್ಟೋಬರಿನಲ್ಲಿ ಬೂದು ಬಣ್ಣದ ಲಂಗ ತೊಟ್ಟು
ವ್ಯಾನು ಹತ್ತಿದೆ. ನೆರೆಯವರು ಏನಂದರೋ.
ಗೊಂಬೋರಿ ಘಾಟಿಯ ನೆತ್ತಿಯಲ್ಲಿ
ಡ್ರೈವರು ಸಿಗರೇಟಿಗೆ ನಿಲ್ಲಿಸಿದ.
ಎಲ್ಲರೂ ಪೊದೆ ಹುಡುಕಿದರು.
ನಾನೂ ಇಳಿದೆ.
ನೋಡಲಿಕ್ಕೆ.

‘ಮಂಡಿ ವಾಸಿಯಾಯಿತೇ ನಾಜಿಬ್ರೋಲಾ?’
ಗೇಟಿನಲ್ಲೇ ಕೇಳಿದಳು ಲಮಾರಾ, ದನಿಯಲ್ಲಿ ಮುಳ್ಳಿತ್ತು.
ಬುಟ್ಟಿಯ ಈಚೆ ಕೂತು ಎಲ್ಲ ಹೇಳಿಬಿಟ್ಟೆ,
ಬೆಕ್ಕಿನ ಸುಳ್ಳನ್ನೂ ಸೇರಿಸಿ.
ಅವಳ ಕೈಯ ಕತ್ತರಿ ನಿಂತಿತು.
‘ಮತ್ತೆ ನಾನೇಕೆ ಟ್ಬಿಲಿಸಿಗೆ ಬರುತ್ತಿರಲಿಲ್ಲ ಅಂದುಕೊಂಡೆ?
ಹಸುವನ್ನು ಬಿಟ್ಟು ಬರಲಾರೆ, ಹಸುವನ್ನು ಬಿಟ್ಟು ಬರಲಾರೆ...
ಮಾರಿ ಹನ್ನೊಂದು ವರ್ಷವಾಯಿತಲ್ಲೇ ಅದನ್ನು!’

ನಕ್ಕೆವು. ಗೊಂಚಲು ಕೈಜಾರುವಷ್ಟು ನಕ್ಕೆವು.
ನನಗೆ ಎರಡು ಹನಿ. ಅವಳಿಗೆ ಲೆಕ್ಕವಿಲ್ಲ,
ಕಪ್ಪು ಲಂಗ ಹಿಂಡುತ್ತಾ ಒಳಗೋಡಿದಳು.

ಲೋಟ ಯಾಕೋ ನನ್ನ ಚೀಲದಲ್ಲೇ ಉಳಿದಿತ್ತು.
ಬಾವಿಕಟ್ಟೆಯಲ್ಲಿ ತೊಳೆದು
ಅವಳ ಕಿಟಕಿಯ ಮೇಲೆ ಬೋರಲಿಟ್ಟೆ.