ಮೂಗುಬಟ್ಟು ಯಾವ ಕಡೆ

ತೀನ್ ಕಂದೀಲ್ ಹಿಂದಿನ ಗಲ್ಲಿಯಲ್ಲಿ
ಫ್ಲೆಕ್ಸ್ ಮಷಿನ್ನಿನ ಬಗಲಿಗೇ ನನ್ನ ಟೇಬಲ್ಲು.
ಅಲ್ಲಿ ಹುಟ್ಟುಹಬ್ಬದ ಲೀಡರುಗಳು ಸರಸರ ಇಳಿಯುತ್ತಾರೆ.
ಇಲ್ಲಿ ಸತ್ತವರು ಗೆರೆಗೆರೆಯಾಗಿ ಏಳುತ್ತಾರೆ.

ಮೌಲಪ್ಪ ಬಂದದ್ದು ಶಕ್ತಿನಗರದಿಂದ,
ಹಾರುಬೂದಿ ಟ್ಯಾಂಕರನ್ನು ಬೈಪಾಸಿನಲ್ಲಿ ನಿಲ್ಲಿಸಿ.
ರೆಪ್ಪೆಯ ಮೇಲೂ ಬೂದಿ.
"ನಮ್ಮವ್ವ ರೀ. ಇದೊಂದೇ ಫೋಟೋ ಐತಿ.
ಮೊಮ್ಮಗಳ ಫೋನಿನ್ಯಾಗ ತಾನೇ ತಕ್ಕೊಂಡಿದ್ಲು.
ಕೈಲೆ ಬರದಂಗ ಇರಬೇಕು."

ಜಮ್ಮಲಮ್ಮ. ಸ್ಟೇಷನ್ ರೋಡಿನಲ್ಲಿ ಮಿರ್ಚಿ ಕರಿಯುತ್ತಿದ್ದವಳು.
ನಾನೂ ತಿಂದವಳೇ, ಕಾಲೇಜಿಗೆ ತಪ್ಪಿಸಿ, ಮಂಡಕ್ಕಿ ಒಗ್ಗರಣೆ ಜೊತೆ.
ಆಗ ಬಾಣಲೆ ನೋಡಿದ್ದೆ,
ಮುಖ ನೋಡಿರಲಿಲ್ಲ.

ಮೊದಲು ಫೋಟೋಶಾಪ್.
ಮಾಲೀಕರು ಎಲ್ಲಿಂದಲೋ ತಂದ ಹಳೇ ಕಾಪಿ,
ದಿನಕ್ಕೆರಡು ಸಲ ಸತ್ತು ಹುಟ್ಟುತ್ತದೆ.
ಆದರೂ ಬಲು ಸಭ್ಯ. ಸುಕ್ಕು ಕಂಡರೆ ಒರೆಸುತ್ತದೆ,
ಹೊಗೆಗೆ ಕಿರಿದಾದ ಕಣ್ಣನ್ನು ಅಗಲಿಸುತ್ತದೆ.
ನನ್ನ ಕೈಯೂ ಅದರ ಜೊತೆ ಸೇರಿಕೊಂಡು
ಮುದುಕಿಯನ್ನು ಮದುವೆ ಮನೆಗೆ ತಯಾರು ಮಾಡಿತು.

ಇಲ್ಲಸ್ಟ್ರೇಟರ್ ಮುಖವನ್ನು ನಕಾಶೆ ಮಾಡಿತು:
ಕೆನ್ನೆಯೊಂದು ತಾಲೂಕು, ಹಣೆಯೊಂದು ತಾಲೂಕು,
ನಡುವೆ ನೀಟಾದ ಗಡಿ.
ಬಸ್ ಸ್ಟ್ಯಾಂಡಿನಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ ಅನ್ನುತ್ತಾರೆ.
ಎಲ್ಲೂ ಒಡೆಯದ ಮುಖಕ್ಕೆ ವಯಸ್ಸು ಹೇಗೆ ಬರಿಸಲಿ?

ಫೋನಿನ ಆಪಿಗೆ ಒಂದು ಬಟನ್ನು, ಹನ್ನೊಂದು ಸೆಕೆಂಡು.
ಎಣ್ಣೆಬಣ್ಣದ ಯಾವುದೋ ರಾಣಿ ಬಂದಳು
ಜಮ್ಮಲಮ್ಮ ಕಂಡರಿಯದ ಸರ ಹಾಕಿಕೊಂಡು.

ಕೊನೆಗೆ ಕ್ರಿತಾ. ದುಡ್ಡು ಕೇಳುವುದಿಲ್ಲ.
ಅದರದೊಂದು ಒರಟು ಬ್ರಷ್ಷು
ಸುಣ್ಣ ಬಳಿಯುವ ಕುಂಚದ ಹಾಗೆ ಎಳೆಎಳೆ ಬಿಡುತ್ತದೆ,
ಆ ಎಳೆಗಳಲ್ಲಿ ಸುಕ್ಕು ತಾನೇ ಬಂದು ಕೂತಿತು.
ನಮ್ಮ ಮುದಿ ಕಂಪ್ಯೂಟರಿಗೆ ಮಾತ್ರ ಭಾರ.
ಕೈ ಮುಂದೆ, ಗೆರೆ ಅರ್ಧ ಸೆಕೆಂಡು ಹಿಂದೆ.
ಅಜ್ಜಿಯ ಜೊತೆ ಸಂತೆಗೆ ಹೋದ ಹಾಗೆ
ನಿಂತು ನಿಂತು ನಡೆದೆ,
ಐದು ಸಂಜೆ.

ಮೌಲಪ್ಪ ನೋಡಿದ. "ಎಲ್ಲಾ ಬರೋಬ್ಬರಿ ಐತ್ರಿ.
ಆದ್ರ ಅವ್ವ ಅಲ್ಲ."
ಕಣ್ಣು? ಇನ್ನಷ್ಟು ಕಿರಿದು ಮಾಡಿದೆ. ಅಲ್ಲ.
ತುಟಿ? ಅಲ್ಲ.
ಚಾ ಬಂತು, ಕೆನೆಗಟ್ಟಿತು.
ಅವನು ತನ್ನದೇ ಮೂಗು ಮುಟ್ಟಿಕೊಂಡ, ಒಂದು ಕಡೆ, ಇನ್ನೊಂದು ಕಡೆ.
"ಬಟ್ಟು ಎಡಕ್ಕ ಇತ್ತಲ್ರೀ. ಈಕಿಗೆ ಬಲಕ್ಕ ಐತಿ."

ಎಂ ಒತ್ತಿದೆ. ಒಂದೇ ಅಕ್ಷರ.
ಬಟ್ಟು ದಾಟಿತು, ಕಿರಿಗಣ್ಣು ದಾಟಿತು,
ಬೈತಲೆ ಆಚೆ ವಾಲಿತು.
ಮೌಲಪ್ಪ ಸ್ಟೂಲಿನಿಂದ ಅರ್ಧ ಎದ್ದು
ಟೇಬಲ್ಲಿನ ಅಂಚು ಹಿಡಿದು ಹಾಗೇ ನಿಂತ.
ಹಿಂದೆ ಮಷಿನ್ನು ಯಾರದೋ ಮೀಸೆ ಛಾಪಿಸುತ್ತಿತ್ತು.

ಎಷ್ಟೋ ಹೊತ್ತಿಗೆ ಕೇಳಿದ:
"ಮತ್ತ ಆ ಮೊದಲಿನಾಕಿ ಯಾರ್ರಿ?"

ಮುಂದಿನ ಕ್ಯಾಮೆರಾ ಕನ್ನಡಿ ಇದ್ದಂಗಣ್ಣ, ಅಂದೆ.
ಜಡೆ ಹಾಕ್ಕೊಳ್ಳುವಾಗ, ಕುಂಕುಮ ಇಟ್ಕೊಳ್ಳುವಾಗ
ನಿಮ್ಮವ್ವ ತನಗೆ ತಾನು ಕಾಣ್ತಿದ್ದದ್ದು ಹಂಗ.
ನೀವ್ಯಾರೂ ನೋಡಿಲ್ಲ.

"ಇನ್ನೊಮ್ಮೆ ಒತ್ರಿ."
ಒತ್ತಿದೆ.
"ಇನ್ನೊಮ್ಮೆ."
ಊರಿಗೆಲ್ಲ ಮಿರ್ಚಿ ಕೊಟ್ಟವಳು,
ತನ್ನೊಬ್ಬಳಿಗೇ ಗೊತ್ತಿದ್ದವಳು,
ನನ್ನ ಒಂದು ಬೆರಳ ಕೆಳಗೆ ಬಂದು ಹೋಗಿ ಮಾಡಿದರು.

ಬಿಲ್ಲಿನಲ್ಲಿ ಎರಡು ಸಾಲು ಬರೆದೆ.
ಜಮ್ಮಲಮ್ಮ, ದೊಡ್ಡದು, ಫ್ರೇಮ್ ಸಹಿತ, ಗೋಡೆಗೆ.
ಜಮ್ಮಲಮ್ಮ, ಬಟ್ಟು ಬಲಕ್ಕೆ, ಪಾಕೀಟಿನಲ್ಲಿ ಹಿಡಿಯುವಷ್ಟು.

ಅವನು ಎಣಿಸಿಕೊಟ್ಟ ನೋಟುಗಳಿಂದ
ಬೂದಿ ಉದುರಿ ಟ್ಯಾಬ್ಲೆಟ್ಟಿನ ಮೇಲೆ ಕೂತಿತು.
ಒರೆಸುವ ಮುಂಚೆ ಬೆರಳಿಂದ
ಅದರಲ್ಲೊಂದು ಗೆರೆ ಎಳೆದೆ.
ಕೂಡಲೇ ಬಂತು. ಕಾಯಿಸಲಿಲ್ಲ.