ಕಾಫಿ ಕಣದಲ್ಲಿ ಒಂಟಿಗಾಲಿ

ಮೂವತ್ತೆಂಟು ವರ್ಷ ವಿರಾಜಪೇಟೆಯ ಕಾಲೇಜಿನಲ್ಲಿ
ಭೌತಶಾಸ್ತ್ರದ ಲ್ಯಾಬಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು.
ಪಾಠ ಯಾರೇ ಮಾಡಲಿ, ಗಾಲಿ ತಿರುಗಿಸಿದವನು ನಾನು:
ಟೈರಿಲ್ಲದ ಸೈಕಲ್ ಚಕ್ರ, ಅಚ್ಚಿಗೆ ಎರಡು ಮರದ ಹಿಡಿ.
ರಿಮ್ಮಿಗೆ ಸೀಸದ ಪಟ್ಟಿ ಸುತ್ತಿಕೊಟ್ಟದ್ದು ಮೊಯ್ದು ಕಾಕ,
ಹದಿನೆಂಟು ರೂಪಾಯಿಗೆ. ರಸೀದಿ ಈಗಲೂ ಇದೆ.

ಅಚ್ಚಿನ ಒಂದು ತುದಿಗೆ ಹಗ್ಗ ಕಟ್ಟಿ, ಜೋರಾಗಿ ತಿರುಗಿಸಿ
ಇನ್ನೊಂದು ತುದಿಯನ್ನು ಬಿಟ್ಟುಬಿಡಬೇಕು.
ಮುಂದಿನ ಬೆಂಚು ಕಾಲೆಳೆದುಕೊಳ್ಳುತ್ತಿತ್ತು.
ಗಾಲಿ ಬೀಳುತ್ತಿರಲಿಲ್ಲ.
ಭೂಮಿ ಕೆಳಗೆ ಎಳೆದರೆ ಅದು ಪಕ್ಕಕ್ಕೆ ಹೊರಡುತ್ತಿತ್ತು,
ಕೇಳಿದ್ದಕ್ಕೆಲ್ಲ ಅಡ್ಡ ಉತ್ತರ ಕೊಡುವ ಸೋದರಮಾವನ ಹಾಗೆ,
ಹಗ್ಗದ ಸುತ್ತ ನಿಧಾನ ಪ್ರದಕ್ಷಿಣೆ.
ಕೋನೀಯ ಸಂವೇಗ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದರು.
ನಾನು ಅದಕ್ಕೆ ಇಟ್ಟ ಹೆಸರು ಹಟ.

ನಿವೃತ್ತನಾದ ಮರುವರ್ಷದ ಜನವರಿ. ದೇಚಮ್ಮ ಮೇಡಂ ಫೋನು:
"ಐತಪ್ಪ, ಮಕ್ಕಳು ಒಂದೇ ಗಾಲಿಯ ಗಾಡಿ ಮಾಡಿದ್ದಾರೆ.
ಎಲ್ಲಾದರೂ ಸಮತಟ್ಟು ಜಾಗ ಇದೆಯೇ?"
ಕೊಡಗಿನಲ್ಲಿ, ಸಮತಟ್ಟು!
ಗದ್ದೆಗೆ ಏರಿ, ರಸ್ತೆಗೆ ತಿರುವು, ಮೈದಾನಕ್ಕೆ ಹಾಕಿ ಮ್ಯಾಚು.
ಉಳಿದದ್ದು ಬಿಟ್ಟಂಗಾಲದಲ್ಲಿ ಉತ್ತಯ್ಯನವರ ಕಾಫಿ ಕಣ.
ಅಲ್ಲಿಯೂ ನೀರು ಹರಿಯಲೆಂದು ಅಂಗುಲದಷ್ಟು ವಾಟ.
ಅರ್ಧ ಸಿಮೆಂಟಿನ ಮೇಲೆ ರೊಬಸ್ಟಾ ಹಣ್ಣು ಕೆಂಪಗೆ ಒಣಗುತ್ತಿತ್ತು,
ಇನ್ನರ್ಧ ನಮಗೆ.

ಮುಚ್ಚಳ ಬಿಚ್ಚಿಸಿ ನೋಡಿದೆ.
ಒಳಗೆ ಸುತ್ತುವ ಚಕ್ರ ಎಲ್ಲಿ? ನನ್ನ ಸೀಸದ ಚಕ್ರದ ಮೊಮ್ಮಗ?
ಶಮ್ಮಾಸ್ ಬೆರಳು ಚಾಚಿದ. ಉಗುರಿನ ತುದಿಯಲ್ಲಿ
ಮೆಣಸಿನ ಕಾಳಿಗಿಂತ ಚಿಕ್ಕದೊಂದು ಕಪ್ಪು ಚೌಕ.
"ಇದೇ ಗೈರೋಸ್ಕೋಪು. ಇದರಲ್ಲಿ ಏನೂ ಸುತ್ತಲ್ಲ,
ಕೂದಲಿನಷ್ಟು ತೆಳ್ಳಗಿನ ಏನೋ ಒಂದು ನಡುಗ್ತಾ ಇರುತ್ತೆ.
ಗಾಡಿ ವಾಲುವಾಗ ನಡುಕ ಪಕ್ಕಕ್ಕೆ ಜಾರುತ್ತೆ.
ಅದಕ್ಕೆ ಗೊತ್ತಿರೋದು ಅಷ್ಟೇ."

ಮತ್ತೆ ನಿಲ್ಲಿಸುವುದು ಯಾರು?
"ಯಾರೂ ನಿಲ್ಲಿಸಲ್ಲ. ನೀವು ಮುಂದಕ್ಕೆ ಬೀಳ್ತೀರಿ,
ಮೋಟರು ಗಾಲಿಯನ್ನ ನಿಮ್ಮ ಕೆಳಗೆ ಓಡಿಸುತ್ತೆ.
ಮತ್ತೆ ಬೀಳ್ತೀರಿ, ಮತ್ತೆ ಓಡಿಸುತ್ತೆ.
ಸೆಕೆಂಡಿಗೆ ಇನ್ನೂರು ಸಲ."

ಹತ್ತೊಂಬತ್ತರಲ್ಲಿ ಮೆಣಸು ಕೊಯ್ಯಲು ಸಿಲ್ವರ್ ಓಕಿಗೆ
ಒಂಟಿ ಬಿದಿರಿನ ಏಣಿ ಆನಿಸಿ ಹತ್ತಿದ್ದೆ.
ಏಣಿ ಎಡಕ್ಕೆ ವಾಲಿತು. ನಾನು ಬಲಕ್ಕೆ ಹಟ ಹಿಡಿದೆ.
ಓಡಿಬಂದು ಕೆಳಗೆ ನಿಲ್ಲುವ ಗಾಲಿ ಇರಲಿಲ್ಲ.
ಎಡಗಾಲು ಅಂದಿನಿಂದ ಅರ್ಧ ಅಂಗುಲ ಗಿಡ್ಡ.
ಒಂದೊಂದು ಹೆಜ್ಜೆಯೂ ಸಣ್ಣದೊಂದು ಬೀಳು,
ಇನ್ನೊಂದು ಕಾಲು ಬಂದು ಒಪ್ಪಿಕೊಳ್ಳುವ ತನಕ.
ಇದನ್ನು ಯಾರೂ ಬೋರ್ಡಿನ ಮೇಲೆ ಬರೆದಿರಲಿಲ್ಲ.

ಪೂವಿ ಏರಿದಳು. ಮೂರು ಮಾರು ಹೋದಳು.
ನಾಲ್ಕನೆಯದಕ್ಕೆ ಹೆದರಿ ಬೆನ್ನು ಹಿಂದೆಳೆದಳು, ನೇರ ಹಣ್ಣಿನ ರಾಶಿಗೆ.
ಗಾಡಿ ಮಲಗಿದ ಮೇಲೂ ಗಾಲಿ ಹುಚ್ಚೆದ್ದು ಸುತ್ತುತ್ತಿತ್ತು,
ಇನ್ನೂ ಯಾರನ್ನೋ ಹಿಡಿದುಕೊಳ್ಳಬಹುದೆಂಬಂತೆ.
ಉತ್ತಯ್ಯನವರು ಬೈದರು; ಬೈಯುತ್ತಲೇ ಬಗ್ಗಿ ನೋಡಿದರು.

ಚೆಲ್ಲಿದ ಹಣ್ಣು ಒಟ್ಟುತ್ತ ಮೇಡಂ ಅಂದರು:
"ಭೂಮಿಯೂ ಬುಗುರಿಯೇ, ಐತಪ್ಪ. ತಲೆದೂಗುತ್ತಿದೆ,
ಒಂದು ತೂಗಿಗೆ ಇಪ್ಪತ್ತಾರು ಸಾವಿರ ವರ್ಷ.
ಹಗಲಿರುಳು ಸರಿಸಮ ತೂಗುವ ದಿನವೇ ತುಲಾ ಸಂಕ್ರಮಣವಾಗಿದ್ದ ಕಾಲವಿತ್ತು.
ಈಗ ಮೂರು ವಾರಕ್ಕೂ ಮಿಕ್ಕಿ ದೂರ ಸರಿದಿದೆ,
ಎಪ್ಪತ್ತೆರಡು ವರ್ಷಕ್ಕೆ ಒಂದು ದಿನದಂತೆ."
ತಲಕಾವೇರಿಯ ಚಳಿಯಲ್ಲಿ, ಕುಂಡಿಕೆಯ ಮುಂದೆ, ಗಡಿಯಾರ ನೋಡುತ್ತ
ನಿಮಿಷಕ್ಕಾಗಿ ಉಸಿರು ಬಿಗಿಹಿಡಿದವನು ನಾನು.
ಕಾಲಡಿಯಲ್ಲಿ ತಕ್ಕಡಿಯೇ ಜಾರುತ್ತಿತ್ತೇ?
ನನಗೆ ಅರವತ್ತೊಂದು. ಅಂದರೆ
ಒಂದು ದಿನವೂ ಪೂರ್ತಿ ಜಾರಿಲ್ಲ ಇನ್ನೂ.

"ಇಲ್ಲಿ ಕೊಡಿ ಅದನ್ನ" ಅಂದೆ.
ಪೆಡಲ್ ಎರಡೂ ಒಂದೇ ಎತ್ತರ, ನನ್ನ ಕಾಲು ಹಾಗಲ್ಲ.
ಅರ್ಧ ಅಂಗುಲದ ಹಲಗೆ ತುಂಡು ಹುಡುಕಲು ಶಮ್ಮಾಸ್
ಉಗ್ರಾಣಕ್ಕೆ ಹೋಗಿದ್ದಾನೆ.
ಪೂವಿಯ ಹೆಲ್ಮೆಟ್ ನನ್ನ ತಲೆಗೆ ಬಿಗಿ.
ವಾಟ ಯಾವ ಕಡೆಗೆಂದು ನೋಡಿಟ್ಟುಕೊಂಡಿದ್ದೇನೆ.
ಬೀಳುವುದಾದರೆ ಆ ಕಡೆಗೇ.