ಎರಡು ಕಲ್ಲು

ಸಾಲಗಾಮೆ ರಸ್ತೆ, ಕನ್ನಡಕದಂಗಡಿಯ ಮಹಡಿ.
ಆರು ಪರದೆ, ಒಂಬತ್ತು ಕುರ್ಚಿ, ಗಂಟೆಗೆ ನಲವತ್ತು ರೂಪಾಯಿ.
ಗಲ್ಲಾದಲ್ಲಿ ಕೂತು ಚಿಲ್ಲರೆ ಎಣಿಸುವವನು ನಾನು,
ಯಾರೂ ಕೇಳದಿದ್ದರೂ ತೀರ್ಪು ಕೊಡುವವನು.

ಧರಣೇಶ ಪೆನ್‌ಡ್ರೈವ್‌ನಲ್ಲಿ ತಂದ, ತಾನೇ ಕಟ್ಟಿದ ಆಟ.
ಪಾಲಿಟೆಕ್ನಿಕ್ಕು ಮುಗಿಸಿ ಎರಡು ವರ್ಷ,
ಹಗಲು ಜೆರಾಕ್ಸು, ರಾತ್ರಿ ಇದು.
ಆಲೂಗಡ್ಡೆ ಮಂಡಿಯ ಹಮಾಲ ಇದರ ನಾಯಕ.
ಚೀಲದಿಂದ ಚೀಲಕ್ಕೆ ಜಿಗಿಯುತ್ತಾನೆ,
ಗಾಳಿಯಲ್ಲಿರುವಾಗಲೇ ಇನ್ನೊಮ್ಮೆ ಜಿಗಿಯುತ್ತಾನೆ,
ಲಾರಿಯ ನೆತ್ತಿ ಹತ್ತಿ ಹಾಸನವನ್ನೆಲ್ಲ ನೋಡುತ್ತಾನೆ,
ನೋಡಿದಷ್ಟೂ ನಕಾಶೆ ಬಿಚ್ಚಿಕೊಳ್ಳುತ್ತದೆ.

‘ಅಯ್ಯೋ, ಕಾಪಿ ಕಣೋ’ ಅಂದ ಶಾಹಿದ್, ಎರಡೇ ನಿಮಿಷಕ್ಕೆ.
‘ಆ ಜಿಗಿತ ಅದರದ್ದು. ಎತ್ತರ ಹತ್ತಿ ನೋಡೋದು ಅದರದ್ದು.
ಆಲೂಗಡ್ಡೆ ಒಂದು ನಿನ್ನದು.’
ಎಲ್ಲರೂ ನಕ್ಕರು. ನಾನೂ ನಕ್ಕೆ.
ನನ್ನದೇ ಸ್ವಲ್ಪ ಜೋರಾಗಿತ್ತು.

ಶುಕ್ರವಾರ ಬಂತು ದೊಡ್ಡದರ ಏಳನೇ ಭಾಗ.
ಐದು ಸಾವಿರಕ್ಕೆ ಒಂದು ರೂಪಾಯಿ ಕಮ್ಮಿ,
ಹುಡುಗರೆಲ್ಲ ಕೈ ಸೇರಿಸಿದರು.
ಇಳಿಯೋಕೆ ಒಂದೂವರೆ ದಿನ, ನಡುವೆ ಎರಡು ಸಲ ಕರೆಂಟು ಹೋಯಿತು.
ಅದೇ ಜಿಗಿತ. ಅದೇ ಗೋಪುರ.
ಆರನೇ ಭಾಗದ ಕುದುರೆಗೆ ಬಣ್ಣ ಬಳಿದು
ಏಳನೆಯದಕ್ಕೆ ಬಿಟ್ಟಿದ್ದಾರೆ,
ಬಾಗಿಲು ಕಿರುಗುಟ್ಟುವ ಸದ್ದೂ ಹಳೆಯದೇ.
ಶಾಹಿದನ ಕಣ್ಣು ತುಂಬಿ ಬಂತು:
‘ನೋಡಣ್ಣ, ಪರಂಪರೆ ಬಿಟ್ಟಿಲ್ಲ.’
ಕುದುರೆ ಗೋಡೆಯೊಳಗೆ ಸಿಕ್ಕಿಕೊಂಡು ಕಾಲು ಒದರಿತು.
ವಿಡಿಯೊ ಮಾಡಿ ಸ್ಟೇಟಸ್ಸಿಗೆ ಹಾಕಿಕೊಂಡರು, ಮುದ್ದಿನಿಂದ.
ಧರಣೇಶನ ಚೀಲ ನೆಲದೊಳಗೆ ಮುಳುಗಿದಾಗ
‘ಮೊದಲು ಕಲಿತು ಬಾರೋ’ ಅಂದಿದ್ದ ಬಾಯಿಗಳೇ.

ನಮ್ಮಪ್ಪ ಮಂಡಿಯಲ್ಲಿ ತೂಕದ ಆಳು.
ಸಾಹುಕಾರರ ಗಾದಿಯ ಹಿಂದೆ ಎರಡು ಕಲ್ಲು,
ಕೊಳ್ಳೋಕೊಂದು, ಮಾರೋಕೊಂದು.
ಎರಡರ ಮೇಲೂ ಕೊರೆದದ್ದು ಐದು ಕಿಲೋ.
ಯಾವುದು ಯಾವುದೆಂದು ಅಪ್ಪನ ಕೈಗೆ ಮಾತ್ರ ಗೊತ್ತು.
ರಾತ್ರಿ ಊಟಕ್ಕೆ ಕೂತು, ಕೈ ತೊಳೆದ ಮೇಲೂ,
ಬಲಗೈ ತಿರುವಿ ತಿರುವಿ ನೋಡಿಕೊಳ್ಳುತ್ತಿದ್ದ.
ನಾನು ಮಣ್ಣು ಅಂಟಿದೆ ಅಂದುಕೊಂಡಿದ್ದೆ.

ನಿಜ ಹೇಳಿಬಿಡುತ್ತೇನೆ,
ಧರಣೇಶನ ಆಟ ಅಂಥಾ ಚೆನ್ನಾಗೇನೂ ಇಲ್ಲ.
ಮೂರನೇ ಹಂತ ಬೇಜಾರು. ಸಂಗೀತ ತಲೆನೋವು.
ದಲ್ಲಾಳಿಗಳಿಗೆಲ್ಲ ಒಂದೇ ಮುಖ.
ಆದರೆ ಚೀಲ ನೆನೆದರೆ ತೂಕ ಏರುತ್ತದೆ, ಜಿಗಿತ ಗಿಡ್ಡವಾಗುತ್ತದೆ,
ಹಮಾಲ ಸೊಂಟಕ್ಕೆ ಕೈ ಕೊಟ್ಟು ನಿಂತುಬಿಡುತ್ತಾನೆ.
ಗುಂಡಿ ಎಷ್ಟು ಕುಟ್ಟಿದರೂ
ಉಸಿರು ತಿರುಗುವ ತನಕ ಕದಲುವುದಿಲ್ಲ.
ಏಳು ಭಾಗ ಮುಗಿದರೂ ಆ ದೊಡ್ಡ ವೀರನಿಗೆ
ಒಂದು ದಿನ ಸೊಂಟ ಹಿಡಿದಿಲ್ಲ.

ಇದನ್ನು ಅವತ್ತು ಹೇಳಿದೆನೇ? ಇಲ್ಲ.
ಕಾಪಿ ಅನ್ನುವ ಮಾತು ಸಿಕ್ಕಿತ್ತಲ್ಲ,
ಆಮೇಲೆ ನೋಡುವ ಕೆಲಸವೇ ಇರಲಿಲ್ಲ.

ಕನ್ನಡಕದವರ ಮಗಳು ಇಂಚರ, ಏಳು ವರ್ಷ,
ಮೊಟ್ಟಮೊದಲು ಆಡಿದ್ದೇ ಆಲೂಗಡ್ಡೆ.
ಭಾನುವಾರ ಏಳನೇ ಭಾಗ ಹಾಕಿಕೊಟ್ಟರೆ
ನಾಲ್ಕು ಹೆಜ್ಜೆ ಓಡಿ, ಎರಡು ಜಿಗಿದು, ರೇಗಿ ತಿರುಗಿದಳು:
‘ಅಂಕಲ್! ಇವರು ಧರಣೇಶಣ್ಣಂದು ಕದ್ದಿದಾರೆ!’
ತಿದ್ದಲು ಶಾಹಿದ್ ಬಾಯಿ ತೆರೆದ.
ಎಲ್ಲಿಂದ ಶುರುಮಾಡುವುದೋ ತಿಳಿಯದೆ
ಕುರ್ಚಿಯ ಸ್ಪಂಜು ಕೀಳುತ್ತ ಕೂತ.

ಬುಧವಾರ ಧರಣೇಶ ಬಂದ. ನಾನು ಹೊಗಳಲಿಲ್ಲ.
‘ಮೂರನೇ ಹಂತ ಬೇಜಾರು ಕಣೋ’ ಅಂದೆ,
‘ಆ ಸೊಂಟ ಮಾತ್ರ ಮುಟ್ಟಬೇಡ.’
ಪೆನ್ನು ಕೇಳಿದ. ರಸೀದಿ ಹಾಳೆಯ ಹಿಂದೆ ಬರೆದುಕೊಂಡ,
ಬರೆದದ್ದನ್ನು ಅಲ್ಲೇ ಮರೆತು ಹೋದ.

ಅದೇ ಹಾಳೆಯನ್ನು ಎಳೆದುಕೊಂಡು
ಅದೇ ಪೆನ್ನಿನಲ್ಲಿ ಕೆಳಗೆ ಬರೆಯತೊಡಗಿದೆ:
ಏಳನೇ ಭಾಗ. ಕುದುರೆ ಹಳೆಯದು. ಬಾಗಿಲೂ. ಜಿಗಿತ

ಕರೆಂಟು ಹೋಯಿತು.
ಆರೂ ಪರದೆ ಒಂದೇ ಸಮ ಕಪ್ಪು.